ಖಂಡೇನವಮಿಗೆ ತೊಳೆದ ಗಾಲಿಗಳು

ನಮ್ಮ ಊರಲ್ಲಿ ಯಾವುದೇ ಒಳ್ಳೆಯ ಕೆಲಸ ನೆಟ್ಟಗೆ ನಡೆಯಬೇಕೆಂದರೆ ಅದಕ್ಕೊಬ್ಬ ಅಧ್ಯಕ್ಷನನ್ನು ಮಾಡಬಾರದು. ವಿದ್ಯಾಗಿರಿಯ ಕಾಲೇಜಿನಲ್ಲಿ ಇಷ್ಟು ವರ್ಷ ವಾಣಿಜ್ಯ ಪಾಠ ಹೇಳಿಯೂ ನನಗೆ ಇದು ತಿಳಿದಿರಲಿಲ್ಲ. ಖುಶನುಮಾಳ ಸ್ಕೇಟಿಂಗ್ ಕ್ಲಬ್ ಸೇರಿದ ಮೇಲೆ ತಿಳಿಯಿತು. ಈ ಕತೆ ಹೇಳುವಾಗ ಈಗಲೂ ಮೈ ಉರಿಯುತ್ತದೆ. ಆದರೂ ಹೇಳಬೇಕು, ಯಾಕೆಂದರೆ ಬಾಗಲಕೋಟೆಯ ಜನ ಅವಳ ಬಗ್ಗೆ ಹೇಳುವ ಕತೆ ಪೂರ್ತಿ ತಪ್ಪು.

ಖುಶನುಮಾ ನವನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಹೆಣ್ಣುಮಗಳು. ಊರಿನ ಅರ್ಧ ಜನರ ತೋಳು ಅವಳಿಗೆ ಗೊತ್ತು. ಯಾರ ನರ ಎಲ್ಲಿ ಅಡಗಿಕೊಳ್ಳುತ್ತದೆ, ಮೀಸೆ ತಿರುವುವ ಯಾವ ಗಂಡಸು ಸೂಜಿ ಕಂಡ ಕೂಡಲೇ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಾನೆ, ಎಲ್ಲ ಗೊತ್ತು. ಹುಟ್ಟಿ ಬೆಳೆದದ್ದು ಇಳಕಲ್ಲಿನಲ್ಲಿ. ತಂದೆ ಶಾಬುದ್ದೀನ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಸೊಲ್ಲಾಪುರದ ಸೋದರಮಾವ ಒಮ್ಮೆ ಈದಿಗೆ ಬರುವಾಗ ಒಂದೇ ಸಾಲಿನಲ್ಲಿ ನಾಲ್ಕು ಗಾಲಿಗಳಿದ್ದ ಬೂಟು ತಂದುಕೊಟ್ಟನಂತೆ. ಓಣಿಯಲ್ಲಿ ಅದನ್ನು ಹಾಕಿಕೊಳ್ಳುವುದೆಲ್ಲಿ? ಉಬ್ಬುತಗ್ಗಿನ ಕಲ್ಲು, ಗಟಾರು, ಕಟ್ಟೆಯ ಮೇಲೆ ಕೂತು ನಗುವ ಜನ. ರಜೆಯ ದಿನ ಅಪ್ಪನ ಬೆನ್ನು ಹತ್ತಿ ಕಾರ್ಖಾನೆಗೆ ಹೋಗಿ, ನುಣ್ಣಗಿನ ಕಲ್ಲು ಹಾಸಿದ ಅಂಗಳದಲ್ಲಿ, ಪೇರಿಸಿಟ್ಟ ಹಲಗೆಗಲ್ಲುಗಳ ಸುತ್ತ ಸುತ್ತಿ ಸುತ್ತಿ ಕಲಿತಳು. ತಾಯಿ ಗುಲಾಬಬಿ ಬೈದಳು, ಬೈದು ಬೈದು ಸಾಕಾಗಿ ಬಿಟ್ಟಳು.

ಮದುವೆಯಾಗಿ ಬಾಗಲಕೋಟೆಗೆ ಬರುವಾಗ ಆ ಬೂಟು ಕಾಲಿಗೆ ಹಿಡಿಯದೆ ಎಷ್ಟೋ ವರ್ಷವಾಗಿತ್ತು. ಆದರೂ ಟ್ರಂಕಿನ ತಳದಲ್ಲಿ ಹಾಕಿಕೊಂಡು ಬಂದಿದ್ದಳು. ಗಂಡ ಅಫ್ಸರನದು ಚಷ್ಮಾ ಅಂಗಡಿ. ಅವನು ಆ ಸಣ್ಣ ಬೂಟು ನೋಡಿ ನಕ್ಕು, ಮುಂದಿನ ತಿಂಗಳು ಹುಬ್ಬಳ್ಳಿಗೆ ಮಾಲು ತರಲು ಹೋದಾಗ ಅವಳ ಅಳತೆಯದೊಂದು ಜೊತೆ ತಂದ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನನ್ನ ಹೆಂಡತಿ ರಂಜನಾ ನನ್ನ ಮುಖ ನೋಡಿಯೇ ಹೇಳುತ್ತಾಳೆ.

ನಾನು ಕ್ಲಬ್ ಸೇರಿದ್ದು ನನ್ನ ಸಕ್ಕರೆಯ ದೆಸೆಯಿಂದ. ರಿಪೋರ್ಟು ಕೈಗಿಡುತ್ತ ಖುಶನುಮಾ ಕೇಳಿದಳು, "ಸರ್, ದಿನಾ ಅಡ್ಡಾಡ್ತೀರೇನ್ರಿ?"

"ಅಡ್ಡಾಡ್ಬೇಕು ಅಂತ ಮಾಡೇನಿ."

"ಊರಿಗೆ ಊರ ಹಂಗ ಮಾಡ್ಯಾರ್ರಿ. ರವಿವಾರ ಮುಂಜಾನೆ ಲಕ್ಷ್ಮಪ್ಪ ಕಾಕಾರ ಕಾರ್ಯಾಲಯಕ್ಕ ಬರ್ರಿ. ಅಕ್ಕಾರ್ನೂ ಕರ್ಕೊಂಡ್ ಬರ್ರಿ."

ಹೀಗೆಯೇ ಬೆಳೆದದ್ದು ಆ ಕ್ಲಬ್. ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಕೊಬ್ಬು, ಒಬ್ಬರಿಗೆ ಬರೀ ಬೇಸರ. ಮಂಗಲ ಕಾರ್ಯಾಲಯದ ಮಾಲೀಕ ಲಕ್ಷ್ಮಪ್ಪ ಮದುವೆಯಿಲ್ಲದ ದಿನ ತನ್ನ ಸಭಾಂಗಣ ಬಿಟ್ಟುಕೊಟ್ಟ. ನೆಲವೆಲ್ಲ ಇಳಕಲ್ ಗ್ರಾನೈಟ್, ಮುಖ ಕಾಣುವಷ್ಟು ನುಣುಪು. ಅಷ್ಟೇ ಅಲ್ಲ, ಎಲ್ಲರಿಗೂ ಸ್ಕೇಟು ತರಿಸಿದ, ಅವನ್ನಿಡಲು ಒಂದು ಖೋಲಿ ಕೊಟ್ಟು ಬೀಗದ ಕೈ ತಾನೇ ಇಟ್ಟುಕೊಂಡ. ಇಷ್ಟೆಲ್ಲ ಕೊಟ್ಟವನನ್ನು ಅಧ್ಯಕ್ಷ ಎನ್ನದೆ ಇನ್ನೇನೆನ್ನುವುದು? ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಬರೀ ಉಪಕಾರವನ್ನೇ ಮಾಡುವ ಮನುಷ್ಯನ ಜೊತೆ ಏಗುವುದು ಎಷ್ಟು ಕಷ್ಟವೆಂಬುದು ಏಗಿದವರಿಗೇ ಗೊತ್ತು.

ಲಕ್ಷ್ಮಪ್ಪನಿಗೆ ಸ್ಕೇಟಿಂಗಿಗಿಂತ ಅದರ ಉದ್ಘಾಟನೆ ಮೇಲು. ಹೊಸಬರು ಬಂದರೆ ಹಾರ, ಯಾರಾದರೂ ಬೀಳದೆ ಒಂದು ಸುತ್ತು ಮುಗಿಸಿದರೆ ಶಾಲು. ನನಗೂ ಒಂದು ಹೊಚ್ಚಿದ್ದಾನೆ. ಹೊರಸಂಚಾರಕ್ಕೆ ಹೋದರೆ ಮೊದಲು ನಾಷ್ಟಾ. ಚೊಳಚಗುಡ್ಡದಿಂದ ಬಾದಾಮಿಯವರೆಗೆ ಹೋಗೋಣವೆಂದು ಖುಶನುಮಾ ಒಮ್ಮೆ ಏರ್ಪಾಡು ಮಾಡಿದಳು. ಕ್ರೂಸರ್ ಗಾಡಿಯಲ್ಲಿ ನಾವು ಇಳಿದದ್ದೇ ತಡ, ಲಕ್ಷ್ಮಪ್ಪ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಎಲ್ಲರನ್ನೂ ಕೂಡಿಸಿಬಿಟ್ಟ. ಕಟಿ ರೊಟ್ಟಿ, ಎಣ್ಣಿಗಾಯಿ, ಕೆನೆಮೊಸರು. ಉಂಡೆದ್ದ ಮೇಲೆ ಬೂಟಿನ ಲಾಡಿ ಕಟ್ಟಲು ಬಗ್ಗುವವರೇ ಇಲ್ಲ. ಹುನಗುಂದದ ರಸ್ತೆಗೆ ಹೋದಾಗ ಕಮತಗಿ ದಾಟುವ ಮೊದಲೇ ರೈತರು ದಾರಿಯುದ್ದಕ್ಕೂ ತೊಗರಿ ಹರವಿದ್ದರು, ಗಾಡಿಗಳ ಗಾಲಿಗೆ ಸಿಕ್ಕು ಬಡಿದುಕೊಳ್ಳಲಿ ಎಂದು. ನಮ್ಮ ಗಾಲಿಗೂ ಸಿಕ್ಕಿತು, ನಾವೇ ಬಡಿದುಕೊಂಡೆವು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ಕುಣಿಯಲೂ ಬರುತ್ತಿರಲಿಲ್ಲ, ನೆಲವೂ ಡೊಂಕೇ ಇತ್ತು.

ಗಂಡಸರು ಸೋತು ಕೈಬಿಟ್ಟರು. ಹೆಂಗಸರು ಬಿಡಲಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ, ನನ್ನ ಮನೆಯಲ್ಲೇ ಕಂಡದ್ದು. ರಂಜನಾ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಮೊಣಕಾಲಿಗೆ ಹಳೆಯ ಚಾದರ ಸುತ್ತಿಕೊಂಡು, ಬಿದ್ದು ಎದ್ದು ಕಲಿತಳು. ಶಿಕ್ಷಕಿಯರು, ಬ್ಯಾಂಕಿನವರು, ಬುರ್ಖಾ ಕಳಚಿಟ್ಟು ಬರುವ ಹುಡುಗಿಯರು, ಮೊಮ್ಮಕ್ಕಳನ್ನು ಕಂಡ ಒಬ್ಬಿಬ್ಬರು, ಎಲ್ಲರೂ ಖುಶನುಮಾಳ ಹಿಂದೆ ಬಾತುಕೋಳಿಗಳ ಹಾಗೆ ಸಾಲುಗಟ್ಟಿ ಸಭಾಂಗಣದ ಕಂಬಗಳನ್ನು ಸುತ್ತುತ್ತಿದ್ದರು. ಆದರೆ ಸುತ್ತುವುದಷ್ಟೇ. ವೇಗ ಹಿಡಿಯಿತು ಎನ್ನುವಷ್ಟರಲ್ಲಿ ಎದುರಿಗೆ ಕಂಬ.

"ಸಣ್ಣಾಕಿದ್ದಾಗ ಕಲ್ಲು ಸುತ್ತಿದೆ, ಈಗ ಕಂಬ ಸುತ್ತೀನಿ," ಎಂದು ಖುಶನುಮಾ ಒಂದು ದಿನ ನನ್ನೆದುರು ಹೇಳಿದಳು. "ಒಂದ ಒಂದ್ ಸಲ ಇವರ್ನೆಲ್ಲಾ ಕಟ್ಕೊಂಡು ನೆಟ್ಟಗ ಹೋಗ್ಬೇಕ್ರಿ ಸರ್. ತಿರುಗೂದು ಬ್ಯಾಡ, ನಿಂದ್ರೂದು ಬ್ಯಾಡ. ಗಾಳಿ ಮಕಕ್ಕ ಬಡೀಬೇಕು. ಅಷ್ಟ ನೋಡ್ರಿ ನನ್ನ ಆಸೆ."

ಅಂಥದೊಂದು ರಸ್ತೆ ನವನಗರದ ಸೆಕ್ಟರುಗಳ ಆಚೆ ಇತ್ತು. ಹೊಸ ಡಾಂಬರು, ಒಂದೂ ಉಬ್ಬಿಲ್ಲ, ಹಿನ್ನೀರು ಕಾಣುವವರೆಗೆ ನೂಲು ಹಿಡಿದಂತೆ ನೇರ. ಆದರೆ ಟಿಪ್ಪರ್‌ಗಳ ಓಡಾಟ. ಸಂಚಾರ ಪೊಲೀಸ್ ಸಾಹೇಬರ ಹತ್ತಿರ ಖುಶನುಮಾ ಹೋಗಿ ಹೋಗಿ ಚಪ್ಪಲಿ ಸವೆಸಿದಳು. ಕೊನೆಗೆ ಅವರು ಒಪ್ಪಿದರು. ದಸರೆಯ ದಶಮಿ ಮುಂಜಾನೆ ಒಂದು ತಾಸು ರಸ್ತೆ ಮುಚ್ಚಿಸುತ್ತೇನೆ ಎಂದರು. ಯಾರೂ ಬೀಳಬಾರದು, ಗದ್ದಲವಾಗಬಾರದು. ಎಲ್ಲ ಸರಿಹೋದರೆ ಪ್ರತಿ ರವಿವಾರವೂ ಮುಚ್ಚಿಸೋಣ. ಒಂದು ಹುಡುಗಿಯ ಮೊಣಕಾಲು ಒಡೆದರೂ ಮತ್ತೆ ನನ್ನ ಹತ್ತಿರ ಬರಬೇಡಿ.

ರಂಜನಾ ಆ ವಾರವೆಲ್ಲ ಅಡಿಗೆಮನೆಯಲ್ಲಿ ನಿಂತಲ್ಲೇ ಕಾಲು ಜಾರಿಸಿ ರೂಢಿ ಮಾಡಿಕೊಂಡಳು. ಕುಕ್ಕರಿನ ಸೀಟಿಗೆ ಲೆಕ್ಕವಿಟ್ಟು ಬಗ್ಗುತ್ತಿದ್ದಳು. ನನಗೆ ಅನ್ನ ತಳ ಹಿಡಿದದ್ದೇ ಬಂತು, ಆದರೂ ಅದನ್ನೇ ಉಂಡೆ. ಅವಳ ಮುಖದಲ್ಲಿ ಅಂಥ ಕಳೆ ನೋಡಿ ಭಾಳ ದಿನವಾಗಿತ್ತು.

ಅಷ್ಟಮಿಯ ದಿನ ಖುಶನುಮಾ ತಾಯಿಗೆ ಮೈ ಸರಿಯಿಲ್ಲವೆಂದು ಇಳಕಲ್ಲಿಗೆ ಹೋದಳು. ದಶಮಿಯ ನಸುಕಿಗೆ ನೇರವಾಗಿ ರಸ್ತೆಗೇ ಬರುತ್ತೇನೆ ಎಂದಿದ್ದಳು. ತನ್ನ ಸ್ಕೇಟು ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದಳು. ಉಳಿದವೆಲ್ಲ ಲಕ್ಷ್ಮಪ್ಪನ ಖೋಲಿಯಲ್ಲಿ.

ಖಂಡೇನವಮಿ ಎಂದರೆ ನಮ್ಮ ಕಡೆ ಸುಮ್ಮನೆ ಬಿಡುವ ಹಬ್ಬವಲ್ಲ. ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲ ತೊಳೆದು ಪೂಜೆಗಿಡಬೇಕು. ಇಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟಬಾರದು. ಇದು ಗೊತ್ತಿದ್ದೂ ನಮಗೆ ಯಾರಿಗೂ ಹೊಳೆಯಲಿಲ್ಲ, ಸ್ಕೇಟಿಗೂ ಗಾಲಿ ಇವೆ ಎಂದು. ಲಕ್ಷ್ಮಪ್ಪನಿಗೆ ಹೊಳೆಯಿತು. ಅವನೂ ಅವನ ಹೆಂಡತಿ ಸಿದ್ದವ್ವನೂ ಅಷ್ಟಮಿ ಸಂಜೆ ಮದುವೆಯ ಅಡಿಗೆಯ ದೊಡ್ಡ ಹಂಡೆ ತುಂಬ ಸೋಪಿನ ಪುಡಿಯ ನೀರು ಕಲಸಿ ಎಲ್ಲ ಸ್ಕೇಟುಗಳನ್ನೂ ರಾತ್ರಿಯೆಲ್ಲ ನೆನೆಯಿಟ್ಟಿದ್ದಾರೆ. ನವಮಿಗೆ ತಿಕ್ಕಿ ತೊಳೆದು, ಒಂದೊಂದು ಗಾಲಿಗೂ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಸುತ್ತಿ, ಕಾಯಿ ಒಡೆದು ಆ ಸಿಹಿನೀರನ್ನು ಎಲ್ಲದರ ಮೇಲೂ ಚಿಮುಕಿಸಿ, ಬಾಗಿಲು ಹಾಕಿದ್ದಾರೆ.

ದಶಮಿಯ ಮುಂಜಾನೆ ರಸ್ತೆ ಮುಚ್ಚಿತ್ತು. ಎರಡೂ ತುದಿಗೆ ಪೊಲೀಸರು. ಸಾಹೇಬರ ಜೀಪು. ಖುಶನುಮಾ ಇಳಕಲ್ಲಿನಿಂದ ಅಫ್ಸರನ ಬೈಕಿನಲ್ಲಿ ಬಂದು ಇಳಿದಳು. ಲಕ್ಷ್ಮಪ್ಪ ಪೂಜೆಯ ಹೂವು ಸಮೇತ ತಂದಿಳಿಸಿದ ಸ್ಕೇಟುಗಳನ್ನು ಹೆಂಗಸರೆಲ್ಲ ರಸ್ತೆಯ ಅಂಚಿಗೆ ಕೂತು ಕಟ್ಟಿಕೊಂಡರು. ಮೊದಲು ಎದ್ದವಳು ರಂಜನಾ. ಎದ್ದಳು, ಕಾಲು ಜಾರಿಸಿದಳು, ಗಾಲಿ ಜಾರಲಿಲ್ಲ, ಮುಗ್ಗರಿಸಿ ನನ್ನ ತೋಳು ಹಿಡಿದಳು.

"ಏನಾಗ್ಯದ?" ಎಂದೆ.

"ಗಾಲಿ ತಿರುಗಲಿಕ್ಕೇ ಒಲ್ಲವು!"

ಖುಶನುಮಾ ಮಂಡಿಯೂರಿ ರಂಜನಾಳ ಬೂಟಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಕರ್ ಎಂದು ಅರ್ಧ ತಿರುಗಿ ನಿಂತಿತು. ಗಾಲಿಯೊಳಗಿನ ಬೇರಿಂಗಿನಲ್ಲಿ ತುಕ್ಕು, ವಿಭೂತಿ, ಕುಂಕುಮ, ಕಾಯಿನೀರಿನ ಅಂಟು. ಅಚ್ಚಿನ ಸುತ್ತ ಹೂವಿನ ದಾರ ಬಿಗಿದು ಸಿಕ್ಕಿತ್ತು. ಇನ್ನೊಬ್ಬರದು ನೋಡಿದಳು. ಅದೂ ಅಷ್ಟೇ. ಮತ್ತೊಬ್ಬರದು. ಆಮೇಲೆ ನೋಡುವುದನ್ನೇ ಬಿಟ್ಟಳು.

"ಕಾಕಾರ, ಇವಕ್ಕ ಏನ್ ಮಾಡೀರಿ?"

ಲಕ್ಷ್ಮಪ್ಪ ತಲೆಗೆ ಜರಿ ಪಟಗಾ ಸುತ್ತಿಕೊಂಡು ಸಂಭ್ರಮದಿಂದ ನಿಂತಿದ್ದ. "ತೊಳದು ಪೂಜಿ ಮಾಡೇವಿ ಯವ್ವಾ. ನಿಮ್ಮ ಚಿಗವ್ವ ಒಂದೊಂದ ಗಾಲಿ ಬ್ರಶ್ಶಿಲೆ ತಿಕ್ಯಾಳ. ನೀರಾಗ ರಾತ್ರೆಲ್ಲಾ ಇಟ್ಟಿದ್ವಿ, ಹೊಲಸೆಲ್ಲಾ ಹೋಗ್ಲಿ ಅಂತ."

"ಯಾ ಅಲ್ಲಾ!" ಎಂದಳು ಖುಶನುಮಾ. "ಇವಕ್ಕ ನೀರ ತಾಕಸಬಾರ್ದ್ರಿ ಕಾಕಾರ! ಒಳಗಿನ ಎಣ್ಣಿ ಎಲ್ಲಾ ಹೋಗೇತಿ!"

"ಎಣ್ಣಿ? ಮೊದ್ಲ ಹೇಳಬೇಕಿಲ್ಲೇನು? ಕೊಬ್ರಿ ಎಣ್ಣಿ ಹಚ್ತಿದ್ವಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಆ ಗಾದೆ ಬೂಟು ಹಾಕಿಕೊಂಡು ನಿಂತಿತ್ತು. ನಾನು ಅವನಿಗೆ ನಾಲ್ಕು ಮಾತು ಜಾಡಿಸಬೇಕೆಂದು ಬಾಯಿ ತೆರೆದೆ. ಅವನ ಹಿಂದೆ ಸಿದ್ದವ್ವ ನಿಂತಿದ್ದಳು. ಸೋಪಿನ ನೀರಿಗೆ ಬಿರಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಬಾಯಿ ಮುಚ್ಚಿದೆ.

ಒಂದು ತಾಸು. ಬೇರಿಂಗು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಜೋಡಿಸಲು ಇಡೀ ದಿನ ಬೇಕು. ತಿರುಗುವ ಗಾಲಿ ಇದ್ದದ್ದು ಖುಶನುಮಾಳ ಕಾಲಲ್ಲಿ ಮಾತ್ರ. ರಂಜನಾ ಅವಳ ಬೆನ್ನು ಸವರಿ, "ನೀನರೆ ಹೋಗಿ ಬಾ ಖುಶನುಮಾ. ನಾವು ನೋಡ್ತೇವಿ," ಎಂದಳು.

ಖುಶನುಮಾ ಆ ರಸ್ತೆಯನ್ನು ಒಮ್ಮೆ ನೋಡಿದಳು. ಖಾಲಿ, ಕರ್ರಗೆ, ನೆಟ್ಟಗೆ. ಆಮೇಲೆ ಕೂತು ಲಾಡಿ ಬಿಚ್ಚತೊಡಗಿದಳು. "ಒಬ್ಬಾಕಿ ಹೋಗಾಕ ನಾ ಇಷ್ಟ್ ಒದ್ದಾಡಿಲ್ರಿ ಅಕ್ಕಾ."

ಆಗ ಅಧ್ಯಕ್ಷರಿಗೆ ಇನ್ನೊಂದು ಹೊಳೆಯಿತು. ಸಾಹೇಬರನ್ನು ಕರೆಸಿ ಬರಿಗೈಯಲ್ಲಿ ಕಳಿಸಿದರೆ ಮರ್ಯಾದೆಯೇ? ಬ್ಯಾನರ್ ಹಿಡಿಯಿರಿ, ನಡೆದೇ ಹೋಗೋಣ ಎಂದ. ಯಾರಿಗೂ ಬೇರೆ ದಾರಿ ತೋಚಲಿಲ್ಲ. ಹೆಂಗಸರು ಚಪ್ಪಲಿ ಮೆಟ್ಟಿ, ಚೆಂಡುಹೂವು ಸುತ್ತಿದ ಸ್ಕೇಟುಗಳನ್ನು ಎದೆಗವಚಿಕೊಂಡು, ಆ ಉದ್ದನೆಯ ರಸ್ತೆಯನ್ನು ನಡೆದೇ ಮುಗಿಸಿದರು. ಗಾಳಿ ಮುಖಕ್ಕೆ ಬಡಿಯಲೂ ಇಲ್ಲ, ಅಷ್ಟು ನಿಧಾನದ ನಡಿಗೆ. ರಂಜನಾ ಅಳುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ನಡೆದೆ.

ತುದಿಯಲ್ಲಿ ಸಾಹೇಬರು ಕೈಕುಲುಕಿದರು. "ಭಾಳ ಶಿಸ್ತು ನೋಡ್ರಿ. ಒಬ್ರೂ ಬೀಳಲಿಲ್ಲ, ಒಂದು ಗದ್ದಲಿಲ್ಲ. ಮುಂದಿನ ವಾರದಿಂದ ಪ್ರತಿ ರವಿವಾರ ರಸ್ತೆ ನಿಮ್ಮದು," ಎಂದರು. ಗಾಲಿಯೇ ತಿರುಗದವರು ಬೀಳುವುದಾದರೂ ಹೇಗೆ? ಅದನ್ನು ಹೇಳಿ ಸಿಕ್ಕಿದ್ದನ್ನು ಕಳೆದುಕೊಳ್ಳುವಷ್ಟು ದಡ್ಡರು ನಾವ್ಯಾರೂ ಇರಲಿಲ್ಲ. ಖುಶನುಮಾ ಕಣ್ಣೊರೆಸಿಕೊಂಡು ಮೊದಲ ಸಲ ನಕ್ಕಳು. ಹೋಗಲಿ, ಮುಂದಿನ ವಾರವಿದೆಯಲ್ಲ.

ಆ ಸಂಜೆ ಲಕ್ಷ್ಮಪ್ಪ ಅವಳ ಮನೆಗೆ ಬನ್ನಿ ಎಲೆ ಹಿಡಿದು ಬಂದನಂತೆ. "ಬನ್ನಿ ತಗೊಂಡು ಬಂಗಾರದಂಗ ಇರೂಣವಾ," ಎಂದನಂತೆ. ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಹಿಂದಿನ ಜಗಳ ಎತ್ತಬಾರದು ಎಂಬುದು ಊರಿನ ರೀತಿ. ಅವಳು ಅವನಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಯಾಕೆಂದರೆ ಬನ್ನಿ ಹಂಚುತ್ತ ಆ ಮನುಷ್ಯ ಊರೆಲ್ಲ ಸುದ್ದಿಯನ್ನೂ ಹಂಚಿದ, ರವಿವಾರ ರಸ್ತೆ ಖುಲ್ಲಾ ಇರ್ತದ, ಎಲ್ಲಾರೂ ಅಡ್ಡಾಡಾಕ ಬರ್ರಿ ಎಂದು. ಖುಶನುಮಾ ವಾರವಿಡೀ ಲ್ಯಾಬಿನಿಂದ ಬಂದವಳೇ ಕೂತು ಬೇರಿಂಗು ಬಿಚ್ಚಿ ತೊಳೆದಳು. ನಾನೂ ಅಫ್ಸರನೂ ಕೈ ಕರ್ರಗೆ ಮಾಡಿಕೊಂಡೆವು. ರವಿವಾರ ಹೋಗಿ ನೋಡಿದರೆ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ನಗೆಕೂಟದವರು, ಯೋಗದವರು, ಕೈ ಕೈ ಹಿಡಿದ ಹೊಸ ಜೋಡಿಗಳು, ತಳ್ಳುಗಾಡಿಯಲ್ಲಿ ಗಿರಮಿಟ್ಟು. ಅದೆಲ್ಲದರ ನಡುವೆ ಒಂದು ಟೇಬಲ್ಲು: ಉಚಿತ ಸಕ್ಕರೆ ತಪಾಸಣೆ. ಅದು ಖುಶನುಮಾಳ ಲ್ಯಾಬಿನದೇ. ಮಾಲೀಕರು ಹಿಂದಿನ ದಿನ ಸಂಜೆ ಅವಳಿಗೆ ಫೋನು ಮಾಡಿದ್ದರು, ಹೆಂಗೂ ನೀನು ಅಲ್ಲೇ ಇರ್ತೀಯಲ್ಲ ಎಂದು.

ಅವಳು ಸ್ಕೇಟನ್ನು ಟೇಬಲ್ಲಿನ ಕೆಳಗಿಟ್ಟು, ಕೈಗವಸು ತೊಟ್ಟು, ಊರಿನ ಬೆರಳುಗಳಿಗೆ ಸೂಜಿ ಚುಚ್ಚಿದಳು. ಆ ದಿನ ಸ್ವಲ್ಪ ಜೋರಾಗಿಯೇ ಚುಚ್ಚಿದಳೆಂದು ನನ್ನ ಅನುಮಾನ. ನನ್ನ ಬೆರಳು ಸಾಯಂಕಾಲದವರೆಗೂ ನೋಯುತ್ತಿತ್ತು. ರಂಜನಾ ಮತ್ತು ಕೆಲವರು ಸ್ಕೇಟು ಕಟ್ಟಿಕೊಂಡು ಗುಂಪಿನಲ್ಲಿ ನುಸುಳಲು ನೋಡಿದರು. ಅಡ್ಡಾಡುತ್ತಿದ್ದ ಹಿರಿಯರೊಬ್ಬರು ಬೆತ್ತ ಅಡ್ಡ ಹಿಡಿದು ನಿಲ್ಲಿಸಿದರು. "ಏನವಾ, ಕಣ್ಣ ಕಾಣ್ಸೂದಿಲ್ಲೇನು? ಇದು ಅಡ್ಡಾಡೋರ ರಸ್ತಾ. ಆಟ ಆಡಾಕ ಬ್ಯಾರೆ ಕಡೆ ಹೋಗ್ರಿ."

ಸಾಹೇಬರ ಹತ್ತಿರ ಮತ್ತೆ ಹೋದೆವು. ಅಷ್ಟರಲ್ಲಿ ಅವರಿಗೆ ಎಲ್ಲ ಕಡೆಯಿಂದ ಶಹಬ್ಬಾಸ್ ಸಿಕ್ಕಿತ್ತು. "ಇಷ್ಟ್ ಮಂದಿ ನಡಿಯೋ ಜಾಗಾದಾಗ ಗಾಲಿ ಯಾಕ್ರಿ ಮತ್ತ? ಯಾರಿಗರೆ ಬಡದ್ರ?" ಎಂದರು.

ಮುಂದಿನ ತಿಂಗಳು ಲಕ್ಷ್ಮಪ್ಪ ಕಾರ್ಯಾಲಯದಲ್ಲಿ ಸತ್ಕಾರ ಇಟ್ಟ. ನವನಗರದ ಜನಕ್ಕೆ ನಡಿಗೆಯ ಮಹತ್ವ ತಿಳಿಸಿದ ಸೋದರಿ ಖುಶನುಮಾ ಎಂದು ಬ್ಯಾನರ್. ಹೋಗಬೇಡ ಎಂದು ನಾನೇ ಹೇಳಿದ್ದೆ. ಅವಳು ಬಂದಳು. ಕೆಂಪು ಶಾಲು ಹೊಚ್ಚಿದರು, ಹಾರ ಹಾಕಿದರು, ಎರಡು ಮಾತಾಡವಾ ಎಂದು ಮೈಕು ಕೊಟ್ಟರು. ಅವಳ ಮುಖ ಶಾಲಿಗಿಂತ ಕೆಂಪಗಿತ್ತು.

"ನಾ ಯಾರಿಗೂ ನಡಿಯಾಕ ಕಲಿಸಿಲ್ರಿ," ಎಂದಳು. "ನಿಮಗ ನಡಿಯಾಕ ಕಲಿಸಿದಾಕಿ ನಿಮ್ಮ ಹಡದವ್ವ. ಈ ಶಾಲು ಒಯ್ದು ಆಕಿಗೆ ಹೊಚ್ಚರಿ."

ಇದಕ್ಕಿಂತ ಕಟುವಾಗಿ ಹೇಗೆ ಹೇಳುವುದು? ನನಗೆ ಎದೆ ತಣ್ಣಗಾಯಿತು, ಕಡೆಗೂ ಒಬ್ಬರು ಹೇಳಿದರಲ್ಲ ಎಂದು. ಸಭೆ ತಲೆದೂಗಿತು. ಆಮೇಲೆ ಚಪ್ಪಾಳೆ. ಎದ್ದು ನಿಂತು ಚಪ್ಪಾಳೆ. ಲಕ್ಷ್ಮಪ್ಪ ಪಟಗಾದ ಚುಂಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ಮಾತು ಅಂದ್ಲು ನೋಡ್ರಿ ಸರ್! ತಾಯಿನ ಮೊದಲ ಗುರು!" ಎಂದು ನನ್ನ ಕೈ ಹಿಡಿದು ಅಲುಗಾಡಿಸಿದ. ಮರುದಿನ ಪೇಪರಿನಲ್ಲೂ ಅದೇ ಬಂತು, ಫೋಟೋ ಸಮೇತ.

ಜನ ಹೋದ ಮೇಲೆ ಹೆಂಗಸರು ಕುರ್ಚಿಗಳನ್ನು ಗೋಡೆಗೆ ಸರಿಸಿ ಸ್ಕೇಟು ಕಟ್ಟಿಕೊಂಡರು. ಖುಶನುಮಾ ನೆಲದ ಮೇಲೆ ಕೂತು, ರಂಜನಾಳ ಬೂಟಿನಲ್ಲಿ ಇನ್ನೂ ಕರ್ ಎನ್ನುತ್ತಿದ್ದ ಒಂದು ಗಾಲಿ ಬಿಚ್ಚಿ, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದಳು. ಹೆಗಲ ಮೇಲಿನ ಶಾಲು ತೆಗೆದು ಅದರ ತುದಿಯಿಂದ ಬೇರಿಂಗಿನ ಸೀಮೆಎಣ್ಣೆ ಒರೆಸತೊಡಗಿದಳು. ಎಷ್ಟು ಒರೆಸಿದರೂ ಆ ನೈಲಾನ್ ಬಟ್ಟೆ ಹೀರದೆ ಎಣ್ಣೆ ಅಲ್ಲೇ ಸವರಿಕೊಳ್ಳುತ್ತಿತ್ತು.

"ಒರಸಾಕೂ ಬರವಲ್ದ್ರಿ ಸರ್ ಇದು," ಎಂದು ಶಾಲನ್ನು ನನ್ನ ಕಡೆ ಎಸೆದಳು. ತನ್ನ ವೇಲಿನ ತುದಿಯಿಂದಲೇ ಬೇರಿಂಗು ಒರೆಸಿ, ಗಾಲಿ ಕೂಡಿಸಿ, ರಂಜನಾಳ ಕಾಲಿಗೆ ಬೂಟು ಕಟ್ಟಿದಳು. ಎಲ್ಲರೂ ಅವಳ ಹಿಂದೆ ಸಾಲಾಗಿ ನಿಂತರು. ವೇಗ ಹಿಡಿಯುವಷ್ಟರಲ್ಲಿ ಕಂಬ ಬಂತು, ತಿರುಗಿದರು.